ಬಂಡಿ ಅಲ್ಲ ಸ್ವಾಮಿ, ಬ್ಯಾಂಡಿ!

"ಬ್ಯಾಂಡಿ ಬಗ್ಗೆ ಬರೀತಿದೀನಿ" ಅಂದಾಗ ನನ್ನ ರೂಮ್‌ಮೇಟ್ ಕೇಳಿದ ಮೊದಲ ಪ್ರಶ್ನೆ, "ಎತ್ತಿನ ಬಂಡಿ ಓಟಾನಾ?" ಅಂತ. ಅವನದೇನೂ ತಪ್ಪಿಲ್ಲ ಬಿಡಿ. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಭಾರತದಲ್ಲಿದ್ದ ಇಂಗ್ಲಿಷರು ನಮ್ಮ ಬಂಡಿಯನ್ನೇ 'ಬ್ಯಾಂಡಿ' ಅಂತ ಬರೆಯುತ್ತಿದ್ದರು, ಆ ಪದ ಅವರ ನಿಘಂಟಿಗೂ ಸೇರಿಹೋಗಿದೆ. ಆದರೆ ನಾನು ಹೇಳಹೊರಟಿರುವ ಬ್ಯಾಂಡಿಗೂ ಅದಕ್ಕೂ ಸಂಬಂಧ ಇಲ್ಲ. ಇದು ಇಂಗ್ಲಿಷಿನದೇ ಹಳೆಯ ಪದ. ತುದಿ ಬಾಗಿದ ಕೋಲಿನಿಂದ ಚೆಂಡನ್ನು ಅತ್ತಿಂದಿತ್ತ ಹೊಡೆಯುವುದು ಅನ್ನೋ ಅರ್ಥದ ಸುತ್ತಮುತ್ತ ಅದು ಹುಟ್ಟಿಕೊಂಡದ್ದು.

ನನಗೆ ಈ ಆಟ ಸಿಕ್ಕಿದ್ದು ಇಂಟರ್ನಲ್ಸ್‌ನ ಹಿಂದಿನ ರಾತ್ರಿ. ಥರ್ಮೋಡೈನಮಿಕ್ಸ್ ಓದಬೇಕಾದವನು ಯೂಟ್ಯೂಬ್ ತೆರೆದಿದ್ದೆ. ಪರದೆಯ ಮೇಲೆ ಫುಟ್‌ಬಾಲ್ ಮೈದಾನದಷ್ಟು ದೊಡ್ಡ ಹಿಮದ ಅಂಗಳ, ಎರಡೂ ಕಡೆ ಹನ್ನೊಂದು ಹನ್ನೊಂದು ಜನ, ಎಲ್ಲರ ಕಾಲಲ್ಲೂ ಸ್ಕೇಟ್ಸ್, ಕೈಯಲ್ಲಿ ನಮ್ಮ ಹಾಕಿ ಸ್ಟಿಕ್ಕಿನ ಅಣ್ಣತಮ್ಮನಂತಿರುವ ಕೋಲು. ಗೋಲ್‌ಕೀಪರ್ ಕೈಯಲ್ಲಿ ಮಾತ್ರ ಕೋಲೇ ಇಲ್ಲ! ಐಸ್ ಹಾಕಿ ಅಂದುಕೊಂಡು ಹತ್ತು ನಿಮಿಷ ನೋಡಿದ ಮೇಲೆ ಗೊತ್ತಾಯ್ತು, ಇದು ಐಸ್ ಹಾಕಿ ಅಲ್ಲ. ಹಿಮದ ಮೇಲೆ ಆಡುವ ಫುಟ್‌ಬಾಲ್. ಮರುದಿನದ ಮಾರ್ಕ್ಸ್ ವಿಷಯ ಇಲ್ಲಿ ಬೇಡ. ಆದರೆ ಥರ್ಮೋಡೈನಮಿಕ್ಸ್ ಈ ಲೇಖನದಲ್ಲಿ ಮತ್ತೆ ಬರುತ್ತೆ, ಕಾಯ್ತಾ ಇರಿ.

ಮೊದಲು ಆಟ ಹೇಗೆ ಅಂತ ನೋಡೋಣ. ಅಂಗಳದ ಉದ್ದ 90ರಿಂದ 110 ಮೀಟರ್, ಅಗಲ 45ರಿಂದ 65 ಮೀಟರ್. ಪಂದ್ಯ 45 ನಿಮಿಷದ ಎರಡು ಅರ್ಧ. ತೀರಾ ಕೊರೆಯುವ ಚಳಿ ಇದ್ದರೆ 30 ನಿಮಿಷದ ಮೂರು ಭಾಗ ಮಾಡುವುದೂ ಉಂಟು, ಆಟಗಾರರು ಒಳಗೆ ಹೋಗಿ ಕೈಕಾಲು ಬೆಚ್ಚಗೆ ಮಾಡಿಕೊಂಡು ಬರಲಿ ಅಂತ. ಆಫ್‌ಸೈಡ್ ನಿಯಮ ಫುಟ್‌ಬಾಲಿನದೇ. ಗೋಲು ಕಂಬಗಳ ನಡುವೆ 3.5 ಮೀಟರ್, ಎತ್ತರ 2.1 ಮೀಟರ್. ಅಂದ್ರೆ ಫುಟ್‌ಬಾಲ್ ಗೋಲಿನ ಅರ್ಧದಷ್ಟು ಅಗಲವೂ ಇಲ್ಲ, ಐಸ್ ಹಾಕಿ ಗೋಲಿಗಿಂತ ಸಾಕಷ್ಟು ದೊಡ್ಡದು. ಚೆಂಡು ಟೆನ್ನಿಸ್ ಚೆಂಡಿಗಿಂತ ಕೂದಲೆಳೆಯಷ್ಟು ಚಿಕ್ಕದು, ಸುಮಾರು 63 ಮಿ.ಮೀ., ತೂಕ 60-65 ಗ್ರಾಂ. ಬಿಳಿ ಹಿಮದ ಮೇಲೆ ಕಣ್ಣಿಗೆ ಬೀಳಲಿ ಅಂತ ಕಿತ್ತಳೆ ಅಥವಾ ಗಾಢ ಗುಲಾಬಿ ಬಣ್ಣ. ಆದರೂ ಟಿವಿಯಲ್ಲಿ ಮೊದಲ ಸಲ ನೋಡುವಾಗ ಚೆಂಡು ಎಲ್ಲಿದೆ ಅಂತ ಹುಡುಕೋದೇ ಒಂದು ಕೆಲಸ.

ಐಸ್ ಹಾಕಿಯಲ್ಲಿ ಚೆಂಡಲ್ಲ, ಚಪ್ಪಟೆಯಾದ ರಬ್ಬರ್ ಬಿಲ್ಲೆ, ಅದೇ ಪಕ್. ಸುತ್ತಲೂ ಆಳೆತ್ತರದ ಗೋಡೆ. ಆ ಗೋಡೆಗೆ ಪಕ್ ಹೊಡೆದು ವಾಪಸ್ ಪಡೆಯುವುದು, ಎದುರಾಳಿಯನ್ನು ಗೋಡೆಗೆ ಒತ್ತುವುದು ಆ ಆಟದ ಒಂದು ಭಾಗ. ಬ್ಯಾಂಡಿಯಲ್ಲಿ ಉದ್ದದ ಎರಡು ಬದಿಗಳಲ್ಲಿ ಮಾತ್ರ 15 ಸೆಂ.ಮೀ. ಎತ್ತರದ ಪುಟ್ಟ ಅಂಚು ಇರುತ್ತೆ. ಅದನ್ನೂ ಹಿಮಕ್ಕೆ ಜೋಡಿಸಿರಲ್ಲ, ಆಟಗಾರ ಬಂದು ಡಿಕ್ಕಿ ಹೊಡೆದರೆ ಪಕ್ಕಕ್ಕೆ ಜಾರುತ್ತೆ. ಗೋಲಿನ ಹಿಂದೆ ಅದೂ ಇಲ್ಲ. ಹಾಕಿಯ ಹಾಗೆ ಮೈಮೇಲೆ ಬಿದ್ದು ಕೆಡವುವಂತಿಲ್ಲ, ಭುಜಕ್ಕೆ ಭುಜ ತಾಗಿಸಿ ಚೆಂಡಿಗಾಗಿ ಹೋರಾಡಬಹುದು ಅಷ್ಟೆ. ತಪ್ಪು ಮಾಡಿದರೆ ಐದು ಅಥವಾ ಹತ್ತು ನಿಮಿಷ ಹೊರಗೆ ಕೂರಬೇಕು. ಬದಲಿ ಆಟಗಾರರನ್ನು ಆಟ ನಿಲ್ಲಿಸದೆಯೇ ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಮಾಡಬಹುದು.

ನನಗೆ ತುಂಬಾ ಇಷ್ಟವಾದ್ದು ಕಾರ್ನರ್. ದಾಳಿ ಮಾಡುವವರೆಲ್ಲ ಪೆನಾಲ್ಟಿ ವಲಯದ ಹೊರಗೆ ನಿಂತಿರುತ್ತಾರೆ. ಆ ವಲಯ ಚೌಕವಲ್ಲ, 17 ಮೀಟರ್ ತ್ರಿಜ್ಯದ ಅರ್ಧವೃತ್ತ. ತಡೆಯುವವರೆಲ್ಲ ಗೋಲ್ ಗೆರೆಯ ಹಿಂದೆ ಸಾಲಾಗಿ ನಿಲ್ಲುತ್ತಾರೆ. ಮೂಲೆಯಿಂದ ಚೆಂಡು ಹೊರಟ ಕ್ಷಣಕ್ಕೆ ಇಡೀ ಸಾಲು ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ ಮುಂದೆ ನುಗ್ಗುತ್ತೆ. ಅತ್ತ ಕಡೆಯವನಿಗೆ ಚೆಂಡು ನಿಲ್ಲಿಸಿ ಹೊಡೆಯೋಕೆ ಸಿಗೋದು ಒಂದೆರಡು ಸೆಕೆಂಡು. ನಮ್ಮ ಹಾಕಿಯ ಪೆನಾಲ್ಟಿ ಕಾರ್ನರ್ ಗೊತ್ತಿದ್ದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಗೋಲ್‌ಕೀಪರ್ ಪಾಡು ಯೋಚಿಸಿ. ಕೈಯಲ್ಲಿ ಕೋಲಿಲ್ಲ, ಬರೀ ಗ್ಲೌಸು. ಎದುರು ಏಳೆಂಟು ಜನರ ಗುಂಪು, ಅದರ ನಡುವಿಂದ ತೂರಿ ಬರುವ ಗುಲಾಬಿ ಚೆಂಡು. ಒಂದು ಪಂದ್ಯದಲ್ಲಿ ಎರಡೂ ತಂಡ ಸೇರಿ ಎಂಟು-ಹತ್ತು ಗೋಲು ಆಗೋದು ಮಾಮೂಲಿ.

ಗೋಲು ಅಂದಾಗ ನೆನಪಾಯ್ತು. 2017ರ ಫೆಬ್ರುವರಿಯಲ್ಲಿ ರಷ್ಯಾದ ಲೀಗ್‌ನಲ್ಲಿ ವೋದ್ನಿಕ್ ಮತ್ತು ಬೈಕಾಲ್-ಎನರ್ಗಿಯಾ ತಂಡಗಳ ಪಂದ್ಯ 9-11ರಲ್ಲಿ ಮುಗೀತು. ಇದರಲ್ಲೇನು ವಿಶೇಷ ಅಂತೀರಾ? ಇಪ್ಪತ್ತಕ್ಕೆ ಇಪ್ಪತ್ತೂ ಸ್ವಂತ ಗೋಲು! ಮುಂದಿನ ಸುತ್ತಿನಲ್ಲಿ ಬಲಿಷ್ಠ ತಂಡದ ಎದುರು ಬೀಳುವುದು ಬೇಡ ಅಂತ ಎರಡೂ ತಂಡಗಳು ಸೋಲಲಿಕ್ಕೆ ಪೈಪೋಟಿಗೆ ಬಿದ್ದಿದ್ದವು. ಇಬ್ಬರೂ ಕೋಚ್‌ಗಳಿಗೆ ನಿಷೇಧ ಬಿತ್ತು. ಬ್ಯಾಂಡಿ ಬಗ್ಗೆ ಹೊರಜಗತ್ತಿನ ಪತ್ರಿಕೆಗಳು ಬರೆದದ್ದೇ ಅಪರೂಪ. ಬರೆದಾಗ ಬರೆದದ್ದು ಇದನ್ನು. ಪಾಪ ಅನಿಸುತ್ತೆ.

ಇಷ್ಟು ಚೆಂದದ ಆಟ ಯಾಕೆ ನಮಗೆ ಗೊತ್ತೇ ಇಲ್ಲ? ಐಸ್ ಹಾಕಿ ಎಲ್ಲರಿಗೂ ಗೊತ್ತು, ಬ್ಯಾಂಡಿ ಯಾಕಿಲ್ಲ? ನನಗೆ ಕಂಡ ಉತ್ತರ ಅಂಗಳದ ಅಳತೆಯಲ್ಲೇ ಇದೆ. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಇಂಗ್ಲೆಂಡಿನ ಪೂರ್ವಕ್ಕೆ ಕೇಂಬ್ರಿಡ್ಜ್ ಸುತ್ತಮುತ್ತ ಫೆನ್ಸ್ ಅನ್ನೋ ತಗ್ಗಿನ ಜೌಗು ಪ್ರದೇಶ ಇದೆ. ಮಳೆಗಾಲದ ನೀರು ಅಲ್ಲಿನ ಹುಲ್ಲುಗಾವಲುಗಳ ಮೇಲೆ ಹರಡಿ ನಿಲ್ಲುತ್ತಿತ್ತು. ಆಳ ಕಡಿಮೆ. ಇದು ಮುಖ್ಯ ನೋಡಿ. ನೀರಿನ ಸಾಂದ್ರತೆ 4 ಡಿಗ್ರಿಯಲ್ಲಿ ಅತಿ ಹೆಚ್ಚು ಅಂತ ಪಿಯುಸಿಯಲ್ಲಿ ಓದಿದ್ದೀವಲ್ಲ. ಹಾಗಾಗಿ ಕೆರೆಯ ನೀರೆಲ್ಲ 4 ಡಿಗ್ರಿಗೆ ಇಳಿಯುವ ತನಕ ಮೇಲೆ ಹಿಮ ಕಟ್ಟೋದು ಕಷ್ಟ. ಆಳವಾದ ಕೆರೆಗೆ ಅದಕ್ಕೆ ವಾರಗಟ್ಟಲೆ ಬೇಕು, ಮೊಣಕಾಲು ಆಳದ ನೀರಿಗೆ ಒಂದೆರಡು ರಾತ್ರಿ ಸಾಕು. ಒಡೆದರೂ ಯಾರೂ ಮುಳುಗಲ್ಲ. ಹೊಲದಲ್ಲಿ ಕೆಲಸ ಇಲ್ಲದ ಚಳಿಗಾಲದಲ್ಲಿ ಅಲ್ಲಿನ ಕೂಲಿಕಾರರು, ರೈತರು ಸ್ಕೇಟ್ಸ್ ಕಟ್ಟಿಕೊಂಡು ಆ ವಿಶಾಲ ಹಿಮದ ಬಯಲಿಗೆ ಇಳಿಯುತ್ತಿದ್ದರು. ಬಾಗಿದ ಕೊಂಬೆ ಕಡಿದರೆ ಕೋಲು ರೆಡಿ. 1813-14ರ ಭಾರೀ ಚಳಿಗಾಲದ ಹೊತ್ತಿಗಾಗಲೇ ಬರಿ ಫೆನ್ ಅನ್ನೋ ಜಾಗದಲ್ಲಿ ಊರೂರುಗಳ ನಡುವೆ ಈ ಆಟ ನಡೆಯುತ್ತಿತ್ತು. ಅಲ್ಲಿನ ತಂಡ ನೂರು ವರ್ಷ ಸೋಲಲೇ ಇಲ್ಲ ಅನ್ನೋ ಪ್ರತೀತಿ ಬೇರೆ ಇದೆ. ಲೆಕ್ಕ ಇಟ್ಟವರೂ ಅದೇ ಊರಿನವರು, ಹಾಗಾಗಿ ಸ್ವಲ್ಪ ಉಪ್ಪು ಬೆರೆಸಿಕೊಂಡು ನಂಬಿ. ಆ ಊರಿನವರೇ ಆದ ಸಿ. ಜಿ. ಟೆಬ್ಬಟ್ 1882ರಲ್ಲಿ ನಿಯಮಗಳನ್ನು ಬರೆದು ಪ್ರಕಟಿಸಿದರು. 1891ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಸಂಘ ಹುಟ್ಟಿತು, ಅದೇ ವರ್ಷ ಬರಿ ಫೆನ್ ತಂಡ ನೆದರ್‌ಲೆಂಡ್ಸ್‌ನ ಹಾರ್ಲೆಂಗೆ ಹೋಗಿ ಆಡಿ ಬಂತು. ಫುಟ್‌ಬಾಲ್ ಪ್ರಿಯರಿಗೆ ಒಂದು ಸಂಗತಿ: ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ಬಿನ ಹೆಸರಲ್ಲಿ ಒಂದು ಕಾಲಕ್ಕೆ 'ಫುಟ್‌ಬಾಲ್ ಮತ್ತು ಬ್ಯಾಂಡಿ ಕ್ಲಬ್' ಅಂತಾನೇ ಇತ್ತು.

ಈಗ ಅಟ್ಲಾಂಟಿಕ್ ದಾಟಿ. 1875ರ ಮಾರ್ಚ್ 3ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ವಿಕ್ಟೋರಿಯಾ ಸ್ಕೇಟಿಂಗ್ ರಿಂಕ್ ಅನ್ನೋ ಕಟ್ಟಡದೊಳಗೆ ಒಂದು ಪಂದ್ಯ ನಡೆಯಿತು. ಐಸ್ ಹಾಕಿಯ ಮೊದಲ ಒಳಾಂಗಣ ಪಂದ್ಯ ಅಂತ ಅದನ್ನು ಹೇಳ್ತಾರೆ. ಆ ರಿಂಕ್‌ನ ಅಳತೆ ಉದ್ದ 204 ಅಡಿ, ಅಗಲ 80 ಅಡಿ. ಇವತ್ತಿನ ಉತ್ತರ ಅಮೆರಿಕದ ಹಾಕಿ ಅಂಗಳ 200ಕ್ಕೆ 85 ಅಡಿ. ಅಂದ್ರೆ ಒಂದು ಕಟ್ಟಡದ ಗೋಡೆ ಎಲ್ಲಿತ್ತೋ ಅಲ್ಲಿಗೆ ಆಟದ ಗಡಿ ನಿಂತಿತು. ಬ್ಯಾಂಡಿಗೆ ಗೋಡೆಯೇ ಇರಲಿಲ್ಲ. ಹಿಮ ಎಲ್ಲಿಯ ತನಕ ಇತ್ತೋ ಅಲ್ಲಿಯ ತನಕ ಅಂಗಳ. ಆಮೇಲೆ ಫುಟ್‌ಬಾಲಿನ ನಿಯಮ ಎರವಲು ತಂದಾಗ ಫುಟ್‌ಬಾಲ್ ಮೈದಾನದ ಅಳತೆಯೂ ಜೊತೆಗೇ ಬಂತು.

ಹಿಮ ಪುಕ್ಕಟೆ ಸಿಗುವ ತನಕ ಇದರಿಂದ ಏನೂ ತೊಂದರೆ ಇರಲಿಲ್ಲ. ಸ್ವೀಡನ್, ಫಿನ್ಲೆಂಡ್, ನಾರ್ವೆ, ರಷ್ಯಾಗಳಲ್ಲಿ ಬ್ಯಾಂಡಿ ಬೇರೂರಿತು. ಸ್ವೀಡನ್‌ನ ರಾಷ್ಟ್ರೀಯ ಚಾಂಪಿಯನ್‌ಶಿಪ್ 1907ರಲ್ಲೇ ಶುರುವಾಯ್ತು. ರಷ್ಯನ್ನರು ಇದನ್ನು 'ಚೆಂಡಿನ ಹಾಕಿ' ಅಥವಾ 'ರಷ್ಯನ್ ಹಾಕಿ' ಅಂದರು, ಫಿನ್ನರು 'ಹಿಮಚೆಂಡು' ಅಂದರು, ಸ್ವೀಡಿಷರು 'ಚಳಿಗಾಲದ ಫುಟ್‌ಬಾಲ್' ಅಂತ ಅಡ್ಡಹೆಸರಿಟ್ಟರು. 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಐಸ್ ಹಾಕಿ ಬಂದಾಗ ಸ್ವೀಡನ್ ಕಳಿಸಿದ ತಂಡದಲ್ಲಿ ಬಹುಪಾಲು ಬ್ಯಾಂಡಿ ಆಟಗಾರರೇ ಇದ್ದರು! ಸೋವಿಯತ್ ಒಕ್ಕೂಟ 1946ರಲ್ಲಿ ಕೆನಡಾ ಮಾದರಿಯ ಹಾಕಿ ಲೀಗ್ ಶುರುಮಾಡಿದಾಗಲೂ ಆಟಗಾರರು ಬಂದದ್ದು ಬ್ಯಾಂಡಿಯಿಂದಲೇ. ವ್ಸೆವೊಲೋದ್ ಬೊಬ್ರೋವ್ ಅನ್ನೋ ಮಹಾಶಯ ಫುಟ್‌ಬಾಲ್, ಬ್ಯಾಂಡಿ, ಐಸ್ ಹಾಕಿ ಮೂರನ್ನೂ ಆಡಿದವನು. 1952ರ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ಫುಟ್‌ಬಾಲ್ ತಂಡದ ನಾಯಕ, 1956ರಲ್ಲಿ ಐಸ್ ಹಾಕಿಯಲ್ಲಿ ಚಿನ್ನ. ಸೋವಿಯತ್ ಹಾಕಿಯವರು ಗೋಡೆಗೆ ಗುದ್ದಾಡೋದಕ್ಕಿಂತ ಪಾಸ್ ಮಾಡ್ತಾ ಜಾಗ ಹುಡುಕ್ತಾ ಆಡುತ್ತಿದ್ದರು ಅಂತ ಹೇಳೋದು ಕೇಳಿರಬಹುದು. ದೊಡ್ಡ ಅಂಗಳದಲ್ಲಿ ಬೆಳೆದವರ ಆಟ ಹಾಗಲ್ಲದೆ ಇನ್ನು ಹೇಗಿರುತ್ತೆ?

ಒಲಿಂಪಿಕ್ಸ್‌ಗೆ ಬ್ಯಾಂಡಿ ಬಂದದ್ದು ಒಂದೇ ಸಲ, 1952ರ ಓಸ್ಲೋದಲ್ಲಿ, ಅದೂ ಪದಕವಿಲ್ಲದ ಪ್ರದರ್ಶನ ಆಟವಾಗಿ. ಆಡಿದ್ದು ಮೂರು ದೇಶ. ಸ್ವೀಡನ್, ನಾರ್ವೆ, ಫಿನ್ಲೆಂಡ್ ತಲಾ ಒಂದು ಗೆದ್ದು ಒಂದು ಸೋತವು, ಗೋಲುಗಳ ಲೆಕ್ಕದಲ್ಲಿ ಸ್ವೀಡನ್ ಮೇಲೆ ಬಂತು. ಈ ಮೂರರ ಜೊತೆ ಸೋವಿಯತ್ ಒಕ್ಕೂಟ ಸೇರಿ 1955ರಲ್ಲಿ ಅಂತಾರಾಷ್ಟ್ರೀಯ ಫೆಡರೇಷನ್ ಕಟ್ಟಿದವು, ಎರಡು ಕಡೆಯ ಬೇರೆ ಬೇರೆ ನಿಯಮಗಳನ್ನು ಒಂದು ಮಾಡಿದವು. 1957ರಲ್ಲಿ ಹೆಲ್ಸಿಂಕಿಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್. ಅಲ್ಲಿಂದ 1979ರ ತನಕ ಹನ್ನೊಂದಕ್ಕೆ ಹನ್ನೊಂದೂ ಸೋವಿಯತ್ ಒಕ್ಕೂಟದ ಪಾಲು. 1981ರಲ್ಲಿ ಸ್ವೀಡನ್ ಆ ಸರಪಳಿ ಕಡಿಯಿತು, ಅದೂ ಸೋವಿಯತ್ ನೆಲದಲ್ಲೇ, ಖಬಾರೊವ್‌ಸ್ಕ್‌ನಲ್ಲಿ. ಫಿನ್ಲೆಂಡ್ ಗೆದ್ದಿರೋದು 2004ರಲ್ಲಿ ಒಮ್ಮೆ ಮಾತ್ರ. ಉಳಿದದ್ದೆಲ್ಲ ಸ್ವೀಡನ್ ಮತ್ತು ರಷ್ಯಾದ ಹಗ್ಗಜಗ್ಗಾಟ. ಮಹಿಳೆಯರ ವಿಶ್ವ ಚಾಂಪಿಯನ್‌ಶಿಪ್ 2004ರಲ್ಲಿ ಶುರುವಾಯ್ತು, ಅಲ್ಲಿ ಸ್ವೀಡನ್ನಿನದೇ ರಾಜ್ಯಭಾರ. 2014ರಲ್ಲಿ ಮಾತ್ರ ರಷ್ಯಾ ಕಿತ್ತುಕೊಂಡಿತ್ತು. 2022ರಲ್ಲಿ ಯುಕ್ರೇನ್ ಯುದ್ಧದ ನಂತರ ರಷ್ಯಾವನ್ನು ಹೊರಗಿಟ್ಟ ಮೇಲೆ ಈ ಪುಟ್ಟ ಆಟದ ಅರ್ಧ ಜಗತ್ತೇ ಕೈಬಿಟ್ಟ ಹಾಗಾಗಿದೆ.

ಈಗ ಥರ್ಮೋಡೈನಮಿಕ್ಸ್. ಪೆನ್ನು ತಗೊಳ್ಳಿ.

ಅಂಗಳ 100 ಮೀಟರ್‌ಗೆ 60 ಮೀಟರ್ ಅಂತ ಇಟ್ಟುಕೊಳ್ಳೋಣ, 6000 ಚದರ ಮೀಟರ್. ಹಿಮದ ದಪ್ಪ 4 ಸೆಂ.ಮೀ. ಅಲ್ಲಿಗೆ 240 ಘನ ಮೀಟರ್ ಹಿಮ, ತೂಕ ಸುಮಾರು 220 ಟನ್. ಒಂದು ಕಿಲೋ ನೀರು ಹಿಮವಾಗಬೇಕಾದರೆ 334 ಕಿಲೋಜೂಲ್ ಗುಪ್ತೋಷ್ಣ ಹೊರತೆಗೀಬೇಕು. 10 ಡಿಗ್ರಿಯ ನೀರನ್ನು ಸೊನ್ನೆಗೆ ಇಳಿಸೋದು ಬೇರೆ. ಎರಡನ್ನೂ ಕೂಡಿಸಿದರೆ ಸುಮಾರು 23,000 ಕಿಲೋವ್ಯಾಟ್-ಅವರ್ ಶಾಖ. ಶೀತಕ ಯಂತ್ರದ ಸಿಓಪಿ 3 ಅಂದುಕೊಂಡರೆ ಏಳೂವರೆ ಸಾವಿರ ಯೂನಿಟ್ ಕರೆಂಟು. ತಿಂಗಳಿಗೆ 100 ಯೂನಿಟ್ ಸುಡುವ ಮನೆಗೆ ಇದು ಆರು ವರ್ಷದ ಬಿಲ್ಲು. ಇದು ಹಿಮ ಕಟ್ಟೋಕೆ ಮಾತ್ರ, ಅದೂ ಒಂದು ಸಲ. ಆಮೇಲೆ ಬಿಸಿಲು, ಗಾಳಿ, ಮಳೆ, ಕೆಳಗಿನ ನೆಲ ಎಲ್ಲವೂ ಹಗಲೂ ರಾತ್ರಿ ಶಾಖ ತುಂಬುತ್ತಲೇ ಇರುತ್ತವೆ, ಸೀಸನ್ ಮುಗಿಯೋ ತನಕ ಅದನ್ನು ಹೊರಗೆ ಹಾಕ್ತಾನೇ ಇರಬೇಕು. ನೆಲದಡಿ 10 ಸೆಂ.ಮೀ.ಗೊಂದರಂತೆ ಕೊಳವೆ ಹಾಕಿದರೆ ಒಟ್ಟು ಉದ್ದ 60 ಕಿಲೋಮೀಟರ್. ಬೆಂಗಳೂರಿಂದ ರಾಮನಗರ ದಾಟಿ ಹೋಗುತ್ತೆ. ಐಸ್ ಹಾಕಿ ಅಂಗಳ 60ಕ್ಕೆ 30 ಮೀಟರ್, 1800 ಚದರ ಮೀಟರ್. ಒಂದು ಬ್ಯಾಂಡಿ ಅಂಗಳದ ಹಿಮದಲ್ಲಿ ಮೂರು ಹಾಕಿ ಅಂಗಳ ಮಾಡಿ ಇನ್ನೂ ಸ್ವಲ್ಪ ಉಳಿಸಬಹುದು. ಮೇಲೆ ಚಾವಣಿ ಹಾಕಬೇಕಾದರೆ 60 ಮೀಟರ್ ಅಗಲಕ್ಕೆ ನಡುವೆ ಒಂದೂ ಕಂಬ ಬರುವಂತಿಲ್ಲ, ಸಿವಿಲ್‌ನವರು ಆ ಲೆಕ್ಕ ಮಾಡಿಕೊಳ್ಳಲಿ.

ಒಂದು ಪುರಸಭೆಯ ಹತ್ತಿರ ದುಡ್ಡಿದೆ, ಒಂದು ಕೃತಕ ಹಿಮಾಂಗಣ ಕಟ್ಟಬೇಕು ಅನ್ನಿ. ಯಾವುದನ್ನು ಕಟ್ಟುತ್ತೆ? ಆಟ ಚೆನ್ನಾಗಿದೆಯೋ ಇಲ್ಲವೋ ಅನ್ನೋ ಪ್ರಶ್ನೆಯೇ ಅಲ್ಲಿ ಏಳಲ್ಲ. ಚಳಿಗಾಲ ಬೆಚ್ಚಗಾಗುತ್ತಾ ಹೋದ ಹಾಗೆ ಕೆರೆಯ ಹಿಮವನ್ನು ನಂಬಿದ್ದ ಊರುಗಳೆಲ್ಲ ಇದೇ ಲೆಕ್ಕದ ಎದುರು ಬಂದು ನಿಂತವು. ಇಂಗ್ಲೆಂಡಿನಲ್ಲಂತೂ ಹಿಮ ಕಟ್ಟೋದೇ ಅಪರೂಪವಾಗಿ, ಫುಟ್‌ಬಾಲ್ ಅಬ್ಬರದಲ್ಲಿ ಬ್ಯಾಂಡಿ ಹೆಚ್ಚುಕಡಿಮೆ ಮರೆತೇಹೋಯ್ತು. ಹುಟ್ಟಿದ ಮನೆಯಲ್ಲೇ ಗುರುತು ಹಿಡಿಯೋರಿಲ್ಲ.

ಉಲ್ಟಾ ಉದಾಹರಣೆಯೂ ಇದೆ. ಸ್ವೀಡನ್‌ನ ಎಡ್ಸ್‌ಬಿನ್ ಅನ್ನೋದು ಸುಮಾರು ನಾಲ್ಕು ಸಾವಿರ ಜನರ ಊರು, ನಮ್ಮ ಲೆಕ್ಕದಲ್ಲಿ ಒಂದು ಹಳ್ಳಿ. 2003ರಲ್ಲಿ ಸ್ವೀಡನ್‌ನ ಮೊದಲ ಒಳಾಂಗಣ ಬ್ಯಾಂಡಿ ಅಂಗಳ ಕಟ್ಟಿದ್ದು ಇವರು! 2004ರಿಂದ 2008ರ ತನಕ ಐದು ವರ್ಷ ಸತತವಾಗಿ ರಾಷ್ಟ್ರೀಯ ಚಾಂಪಿಯನ್ನರು. ಚಾವಣಿ ಒಂದರಿಂದಲೇ ಗೆದ್ದರು ಅಂತಲ್ಲ, ತಂಡ ಚೆನ್ನಾಗಿತ್ತು. ಆದರೆ ಮಳೆ ಬರಲಿ ಹಿಮ ಬೀಳಲಿ ದಿನಾ ಅಭ್ಯಾಸ ಮಾಡುವ ಭಾಗ್ಯ ಬೇರೆಯವರಿಗೆ ಇರಲಿಲ್ಲ. ಆಮೇಲೆ ಒಂದೊಂದೇ ಊರಿನಲ್ಲಿ ಚಾವಣಿ ಏಳತೊಡಗಿತು.

ಚಾವಣಿ ಬಂದದ್ದಕ್ಕೆ ಹಳಬರಿಗೆ ಬೇಜಾರೂ ಇದೆ. ಸ್ವೀಡನ್‌ನಲ್ಲಿ ಕ್ರಿಸ್‌ಮಸ್ ಮರುದಿನ, ಡಿಸೆಂಬರ್ 26ಕ್ಕೆ, ಬ್ಯಾಂಡಿ ನೋಡಲು ಹೋಗೋದು ಒಂದು ಸಂಪ್ರದಾಯ. ಹಳೇ ಕಾಲದ ಗುಮಾಸ್ತರ ಹಾಗೆ ಕಂದು ಬಣ್ಣದ ಚರ್ಮದ ಬ್ರೀಫ್‌ಕೇಸ್ ಹಿಡಿದುಕೊಂಡು ಬರ್ತಾರೆ. ಅದಕ್ಕೆ 'ಬ್ಯಾಂಡಿ ಪೋರ್ಟ್‌ಫೋಲಿಯೋ' ಅಂತಾನೇ ಹೆಸರು. ಒಳಗೆ ಫೈಲು ಇರಲ್ಲ, ಥರ್ಮಾಸ್‌ನಲ್ಲಿ ಕಾಫಿ ಮತ್ತು ಕಾಫಿಗೆ ಬೆರೆಸುವ 'ಇನ್ನೊಂದು' ಇರುತ್ತೆ. ಮೈನಸ್ ಹತ್ತರಲ್ಲಿ ಎರಡು ಗಂಟೆ ನಿಂತು ನೋಡೋರಿಗೆ ಅದು ಔಷಧಿ. ಬೆಚ್ಚನೆಯ ಹಾಲ್‌ನಲ್ಲಿ ಕೂತು ಆ ಬ್ರೀಫ್‌ಕೇಸ್ ತೆಗೆದರೆ ಏನು ಚೆಂದ ಅಂತ ಅವರ ತಕರಾರು. ಹಾಗಂತ ಜನ ಬರಲ್ಲ ಅಂತಲ್ಲ. 2013ರಲ್ಲಿ ಸ್ಟಾಕ್‌ಹೋಮ್‌ನ ಚಾವಣಿಯಿರುವ ಕ್ರೀಡಾಂಗಣದಲ್ಲಿ ನಡೆದ ಫೈನಲ್ ನೋಡಲು 38 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು.

ಈ ಆಟದ ಇನ್ನೊಂದು ಕಥೆ ಹೇಳದೇ ಮುಗಿಸೋಕೆ ಮನಸ್ಸಿಲ್ಲ. ಸ್ವೀಡನ್‌ನ ಬೋರ್ಲೆಂಗೆ ಊರಿಗೆ ಸೋಮಾಲಿಯಾದ ಯುದ್ಧದಿಂದ ತಪ್ಪಿಸಿಕೊಂಡು ಬಂದ ಕುಟುಂಬಗಳು ಬಹಳ. ಊರವರಿಗೂ ಇವರಿಗೂ ಅಷ್ಟಕ್ಕಷ್ಟೆ. 2013ರಲ್ಲಿ ಅಲ್ಲಿನ ಸೋಮಾಲಿ ಹುಡುಗರನ್ನು ಸೇರಿಸಿ ಸೋಮಾಲಿಯಾದ ರಾಷ್ಟ್ರೀಯ ಬ್ಯಾಂಡಿ ತಂಡ ಕಟ್ಟಿದರು. ಬಹುತೇಕರು ಅದಕ್ಕೆ ಮುಂಚೆ ಸ್ಕೇಟ್ಸ್ ಹಾಕಿದವರೇ ಅಲ್ಲ. ಸ್ವೀಡನ್ ಕಂಡ ದೊಡ್ಡ ಆಟಗಾರರಲ್ಲಿ ಒಬ್ಬರಾದ ಪೇರ್ ಫೋಸ್‌ಹಾಗ್ ಕೋಚ್ ಆದರು. ಕೆಲವೇ ತಿಂಗಳಲ್ಲಿ, 2014ರ ಚಳಿಗಾಲದಲ್ಲಿ, ಹುಡುಗರು ಸೈಬೀರಿಯಾದ ಇರ್ಕುತ್ಸ್ಕ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ಆಡುತ್ತಿದ್ದರು! ಆಡಿದ್ದನ್ನೆಲ್ಲ ಸೋತರು, ಅದೂ ಭಾರೀ ಅಂತರದಲ್ಲಿ. ಗ್ಯಾಲರಿಯಲ್ಲಿದ್ದ ಜನ ಮಾತ್ರ ಅವರಿಗೇ ಚಪ್ಪಾಳೆ ತಟ್ಟಿದರು. ಇದರ ಮೇಲೆ 2015ರಲ್ಲಿ ಒಂದು ಸಾಕ್ಷ್ಯಚಿತ್ರ ಬಂತು, ಸ್ವೀಡಿಷ್‌ನಲ್ಲಿ ಹೆಸರು 'ಟ್ರೆವ್ಲಿಗ್ಟ್ ಫೋಲ್ಕ್', ಅಂದ್ರೆ 'ಒಳ್ಳೇ ಜನ'. ಸಿಕ್ಕರೆ ನೋಡಿ. ಮೊದಲ ದಿನ ಹಿಮದ ಮೇಲೆ ನಿಲ್ಲಲಾರದೆ ಗೋಡೆ ಹಿಡಿದುಕೊಳ್ಳುವವರನ್ನು ನೋಡಿದರೆ ಸ್ಕೇಟಿಂಗ್ ಕಲಿಯಲು ಹೋದ ಎಲ್ಲರಿಗೂ ತಮ್ಮ ಕಥೆ ನೆನಪಾಗುತ್ತೆ.

ನಾವು ಆಡಬಹುದಾ? ಅಂತಾರಾಷ್ಟ್ರೀಯ ಫೆಡರೇಷನ್ನಿನ ಸದಸ್ಯರ ಪಟ್ಟಿಯಲ್ಲಿ ಭಾರತದ ಹೆಸರೂ ಸೇರಿದೆ. ಆದರೆ ಲಡಾಖ್, ಹಿಮಾಚಲದ ಕಡೆ ಬಿಟ್ಟರೆ ನಮಗೆ ಹಿಮ ಎಲ್ಲಿಂದ ಬರಬೇಕು? ಅಲ್ಲೂ ಫುಟ್‌ಬಾಲ್ ಮೈದಾನದಷ್ಟು ಸಮತಟ್ಟಾದ ಹಿಮ ಸಿಗೋದು ಸುಲಭ ಇಲ್ಲ. ಹಾಕಿ ಅಂಗಳದಲ್ಲಿ ಆರಾರು ಜನ ಆಡುವ 'ರಿಂಕ್ ಬ್ಯಾಂಡಿ' ಅಂತ ಒಂದು ಚಿಕ್ಕ ರೂಪ ಇದೆ, ದುಡ್ಡಿಲ್ಲದ ದೇಶಗಳು ಅದರಿಂದ ಶುರುಮಾಡುತ್ತವೆ. ಹಿಮವೇ ಬೇಡ ಅಂದ್ರೆ ಫ್ಲೋರ್‌ಬಾಲ್ ಇದೆ. ತೂತು ತೂತಾದ ಪ್ಲಾಸ್ಟಿಕ್ ಚೆಂಡು, ಹಗುರ ಸ್ಟಿಕ್ಕು, ಬ್ಯಾಡ್ಮಿಂಟನ್ ಹಾಲ್‌ನಂಥ ನೆಲ. ಭಾರತದಲ್ಲೂ ಆಡ್ತಾರೆ. ಸ್ವೀಡನ್‌ನಲ್ಲಿ ಅದರ ಹೆಸರು 'ಇನ್ನೆಬ್ಯಾಂಡಿ', ಅಂದ್ರೆ ಒಳಾಂಗಣ ಬ್ಯಾಂಡಿ. ನಮ್ಮ ಕಾಲೇಜಿನ ಒಳಾಂಗಣ ಸಂಜೆ ಏಳರ ಮೇಲೆ ಖಾಲಿ ಇರುತ್ತೆ. ಸ್ಟಿಕ್ಕಿಗೆ ಚಂದಾ ಎತ್ತಲು ರೂಮ್‌ಮೇಟ್ ಒಪ್ಪಿದ್ದಾನೆ, ಗೋಲ್‌ಕೀಪರ್ ಆಗಲು ಮಾತ್ರ ಇನ್ನೂ ಯಾರೂ ಸಿಕ್ಕಿಲ್ಲ.